ನಮ್ಮ ಓಣಿಯ ಎರಡು ಕೊಪ್ಪರಿಗೆಗಳು

ಚಿಂತೆ ಮಾಡುವುದರಲ್ಲಿ ನನಗೆ ಯಾರ ಸಹಾಯವೂ ಬೇಕಿಲ್ಲ. ಶಾಲೆಯ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡಿ, ಅರ್ಧ ದಾರಿ ಬಂದು, ಮತ್ತೆ ವಾಪಸು ಹೋಗಿ ನಾಲ್ಕನೆಯ ಸಲ ಎಳೆದು ನೋಡುವ ಮೇಷ್ಟ್ರು ನಾನು. ಮಳೆ ಬಂದರೆ ಮಾಳಿಗೆ ಸೋರೀತು ಅಂತ, ಬಾರದಿದ್ದರೆ ಬಾವಿ ಬತ್ತೀತು ಅಂತ. ಎರಡೂ ಆಗದ ದಿನ, ಇಷ್ಟು ನೆಮ್ಮದಿಯಾಗಿದ್ದರೆ ಮುಂದೇನೋ ಕಾದಿರಬೇಕು ಅಂತ. ಇಂಥವನ ಕೈಗೆ ಇಡೀ ಓಣಿ ಸೇರಿ ಎರಡು ಕೊಪ್ಪರಿಗೆಗಳನ್ನು ಒಪ್ಪಿಸಿತ್ತು. ನಾನೀಗ ಬರೆಯಹೊರಟಿರುವುದು ಅವುಗಳ ವಿಚಾರ.

ಎಪ್ಪತ್ತರ ದಶಕದ ನಡುಭಾಗ. ನನಗೆ ಆಗಷ್ಟೇ ನಲವತ್ತು ದಾಟಿತ್ತು. ಚಿತ್ರದುರ್ಗದ ಕೋಟೆ ಬೆಟ್ಟದ ಬುಡಕ್ಕೆ ಒರಗಿಕೊಂಡಂತಿದ್ದ ಓಣಿ ನಮ್ಮದು. ಎರಡು ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು; ಯಾವುದು ಸರಿಯಬೇಕು ಅನ್ನುವ ತೀರ್ಮಾನಕ್ಕೆ ಅರ್ಧ ಓಣಿ ಹೊರಗೆ ಬರುತ್ತಿತ್ತು. ಸಂಜೆ ಬಿಸಿಲು ಬೇಗ ಬೆಟ್ಟದ ಹಿಂದೆ ಇಳಿದರೂ ಬಂಡೆಗಳ ಕಾವು ಊಟದ ಹೊತ್ತಿನವರೆಗೂ ಆರುತ್ತಿರಲಿಲ್ಲ.

ಓಣಿಯ ಬಾಯಲ್ಲಿ ಶೇಂಗಾ ವ್ಯಾಪಾರದ ಸಾವ್ಕಾರರ ಮನೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು, ವರ್ಷಕ್ಕೆರಡು ಸಲ ತಪ್ಪದೆ ಮಠಕ್ಕೆ ಹೋಗಿ ಬರುವವರು. ಅವರೆದುರಿಗೆ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಪಿಂಜಾರರ ಮನೆ. ಆ ಮನೆಯ ಹಿರಿಯ ಹೆಂಗಸನ್ನು ಓಣಿಯವರೆಲ್ಲ ‘ನಾನಿ’ ಎಂದೇ ಕರೆಯುತ್ತಿದ್ದರು. ಅವರ ಮಗ ಬಿಲ್ಲು ಮೀಟಿ ಟಂಯ್ ಟಂಯ್ ಅನ್ನಿಸಿದರೆ ಸಾವ್ಕಾರರ ಮನೆಯವರು ಒಣಹಾಕಿದ ಹಪ್ಪಳದ ಮೇಲೆ ಹತ್ತಿಯ ಎಳೆಗಳು ಹೋಗಿ ಕೂರುತ್ತಿದ್ದವು. ಅದಕ್ಕೊಂದು ಜಗಳ. ಸಾವ್ಕಾರರು ಶೇಂಗಾ ಕೇರಿಸಿದರೆ ಅದರ ಹೊಟ್ಟು ಪಿಂಜಾರರ ಹೊಸ ಹಾಸಿಗೆಯ ಮೇಲೆ. ಅದಕ್ಕಿನ್ನೊಂದು ಜಗಳ. ಎರಡೂ ಸರಿಸಮವಾಗಿದ್ದರಿಂದ ಯಾವುದೂ ಬೆಳೆಯುತ್ತಿರಲಿಲ್ಲ. ಮುಂದೆ ಮನೆಯಲ್ಲಿ ಮರಾಠಿ ಆಡುವ ದರ್ಜಿ, ತೆಲುಗು ಮನೆಮಾತಿನ ಬಳೆಗಾರರು, ಮಾರಿಕಣಿವೆ ಅಣೆಕಟ್ಟಿನಿಂದ ವರ್ಗವಾಗಿ ಬಂದು ಬರೀ ಅಲ್ಲಿಯ ಮೀನನ್ನೇ ನೆನೆಸಿಕೊಂಡು ನಿಟ್ಟುಸಿರಿಡುವ ನೀರಾವರಿ ಇಲಾಖೆಯ ನೌಕರರು. ಓಣಿಯಲ್ಲೊಂದು ಕಂದು ನಾಯಿಯಿತ್ತು. ಅದಕ್ಕೂ ಮೂರು ಭಾಷೆ ಬರುತ್ತಿತ್ತು. ‘ಹಚಾ’ ಅಂದರೂ, ‘ಹಟ್’ ಅಂದರೂ, ‘ಪೋ’ ಅಂದರೂ ಅರ್ಥ ಮಾಡಿಕೊಂಡು ಅಲ್ಲೇ ಮಲಗಿರುತ್ತಿತ್ತು.

ಕೊನೆಯ ಮನೆ ನಮ್ಮದು. ನಾವು ಹರಿಯಬ್ಬೆ ಕಡೆಯ ಒಕ್ಕಲು ಮಂದಿ. ಸಂಬಳದ ಆಸೆಗೆ ದುರ್ಗಕ್ಕೆ ಬಂದವರು.

ಕೊಪ್ಪರಿಗೆಗಳು ಬಂದದ್ದು ನಾನು ಆ ಓಣಿಗೆ ಬರುವ ಮೊದಲು. ಹಳಬರು ಹೇಳುತ್ತಿದ್ದುದು ಇಷ್ಟು. ಹಿಂದೆ ಮಾಂಸ ತಿನ್ನುವವರ ಮನೆಯಲ್ಲಿ ಮದುವೆಯಾದರೆ ಅರ್ಧ ಓಣಿ ಬಂದು, ಆಶೀರ್ವಾದ ಮಾಡಿ, ಎಲೆ ಅಡಿಕೆ ಹಿಡಿದುಕೊಂಡು ಎದ್ದುಹೋಗುತ್ತಿತ್ತಂತೆ. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ಸಾವ್ಕಾರರಂಥವರು ತಿನ್ನಬಾರದು. ಅವರನ್ನು ಹಾಗೆ ಕಳಿಸುವುದಕ್ಕೆ ಮದುವೆಯ ಮನೆಯವರಿಗೆ ಮನಸ್ಸು ಒಪ್ಪದು. ಹೀಗೆ ಎಷ್ಟೋ ಮದುವೆಗಳು ಆದ ಮೇಲೆ ಹಿರಿಯರು ಸೇರಿ, ಒಂದೇ ಅಳತೆಯ, ಒಬ್ಬನೇ ಕಂಚುಗಾರ ಬಡಿದು ಮಾಡಿದ ಎರಡು ತಾಮ್ರದ ಕೊಪ್ಪರಿಗೆಗಳನ್ನು ತಂದರು. ಒಂದೊಂದರಲ್ಲಿ ಒಬ್ಬ ಮನುಷ್ಯ ಕಾಲು ಮಡಚಿ ಕೂರಬಹುದು. ಒಂದರ ಹಿಡಿಕೆಯ ಬಳೆಗೆ ಕೆಂಪು ಬಟ್ಟೆ ಕಟ್ಟಿದರು. ಅದು ಖಾರದ ಅಡುಗೆಗೆ, ಎಂದರೆ ಮಾಂಸಕ್ಕೆ. ಇನ್ನೊಂದಕ್ಕೆ ಬಿಳಿ ಬಟ್ಟೆ. ಅದು ಸಿಹಿ ಅಡುಗೆಗೆ. ಯಾರ ಮನೆಯಲ್ಲಿ ಮದುವೆಯಾಗಲಿ, ಎರಡನ್ನೂ ಒಯ್ಯಬೇಕು. ನಾನಿಯ ಮನೆಯ ಮದುವೆಯಾದರೂ ಬಿಳಿ ಬಟ್ಟೆಯದರಲ್ಲಿ ಸಾವ್ಕಾರರು ಒಪ್ಪುವ ಅಡುಗೆಯವನಿಂದ ಬೇರೆ ಒಲೆಯಲ್ಲಿ ಅಡುಗೆ. ಆಗ ಎಲ್ಲರೂ ಕೂತು ಉಣ್ಣಬಹುದು. ಓಣಿಗೆ ಅವುಗಳ ಬಗ್ಗೆ ಬಹಳ ಹೆಮ್ಮೆ. ಹೊರಗಿನಿಂದ ಯಾರಾದರೂ ನೆಂಟರು ಬಂದರೆ ಬೆಟ್ಟದ ಕೋಟೆಗಿಂತ ಮೊದಲು ಇವನ್ನು ತೋರಿಸುವವರೂ ಇದ್ದರು.

ಮೊದಲು ಅವನ್ನು ಕಾಯುತ್ತಿದ್ದ ಮುದುಕರು ಹೋದ ಮೇಲೆ, ಯಾರ ಮನೆಯಲ್ಲಿಡುವುದು ಅನ್ನುವ ಪ್ರಶ್ನೆ ಬಂತು. ನಾವು ಮಾಂಸ ತಿನ್ನುವವರೇ. ಆದರೆ ಸೋಮವಾರ ಇಲ್ಲ, ಶನಿವಾರ ಇಲ್ಲ, ಶ್ರಾವಣ ಪೂರ್ತಿ ಇಲ್ಲ. ಹೀಗಾಗಿ ಎರಡು ಕಡೆಯವರಿಗೂ ನಾನು ಅರ್ಧ ನಂಬಿಕೆಯ ಮನುಷ್ಯ. ಎರಡು ಅರ್ಧ ಸೇರಿಸಿ ಒಂದು ಪೂರ್ತಿ ಮಾಡಿ ನನ್ನನ್ನು ಆರಿಸಿದರು. “ಮೇಷ್ಟ್ರು ಭಯಸ್ಥರು ಕಣಪ್ಪ, ತಪ್ಪು ಮಾಡಲ್ಲ” ಅಂತ ಸಾವ್ಕಾರರು ನನ್ನೆದುರಿಗೇ ಹೇಳಿದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಭಯಸ್ಥರು ತಪ್ಪು ಮಾಡುವ ರೀತಿ ಬೇರೆ. ಸಾವ್ಕಾರರ ಮಗಳ ಮದುವೆ ಗೊತ್ತಾಯಿತು. ಗಂಡಿನವರು ಹೊರಕೆರೆದೇವಪುರದ ಕಡೆಯವರು. ಗಂಡಿನ ದೊಡ್ಡಪ್ಪ ಬಹಳ ನೇಮದವರೆಂದೂ, ಹೆಣ್ಣು ನೋಡಲು ಬಂದಾಗ ತಮ್ಮ ನೀರನ್ನು ತಾವೇ ಚೊಂಬಿನಲ್ಲಿ ತಂದಿದ್ದರೆಂದೂ ಓಣಿಯಲ್ಲಿ ಸುದ್ದಿ. ಆ ಸುದ್ದಿ ಕೇಳಿದ ದಿನದಿಂದ ನನಗೆ ಒಂದೇ ಯೋಚನೆ: ಬಟ್ಟೆಗಳು. ಹೊಗೆ ಹಿಡಿದು ಕೆಂಪು ಬಟ್ಟೆ ಕಂದಾಗಿತ್ತು, ಬಿಳಿ ಬಟ್ಟೆಯೂ ಕಂದಾಗಿತ್ತು. ಅವಸರದಲ್ಲಿ ಯಾರಾದರೂ ತಪ್ಪು ತಿಳಿದುಬಿಟ್ಟರೆ? ಒಂದು ಭಾನುವಾರ ಎರಡನ್ನೂ ಬಿಚ್ಚಿ, ಒಂದೇ ಬಕೆಟ್ಟಿನಲ್ಲಿ ಸೋಪು ಹಾಕಿ ನೆನೆಸಿದೆ. ಕೆಂಪು ಬಣ್ಣ ಬಿಟ್ಟುಕೊಂಡು ಸಂಜೆಗೆ ಎರಡೂ ಒಂದೇ ಗುಲಾಬಿ ಬಣ್ಣವಾಗಿ ನನ್ನ ಕಡೆ ನೋಡಿದವು. ಅವನ್ನು ಎಸೆದು, ದರ್ಜಿಯ ಹತ್ತಿರ ಹೊಸ ತುಂಡುಗಳನ್ನು ಬೇಡಿ ತಂದು, ಬಾಗಿಲ ಬಳಿ ಇದ್ದ ಕೊಪ್ಪರಿಗೆಗೆ ಬಿಳಿ, ಗೋಡೆಯ ಬಳಿ ಇದ್ದದ್ದಕ್ಕೆ ಕೆಂಪು ಕಟ್ಟಿದೆ. ಬಾಗಿಲ ಬಳಿಯದು ಬಿಳಿಯದೇ ಎಂದು ನನಗೆ ಚೆನ್ನಾಗಿ ನೆನಪಿತ್ತು. ಬಿಗಿಯಾಗಿದೆಯೇ ಎಂದು ಮೂರು ಸಲ ಎಳೆದು ನೋಡಿದೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಸಾವ್ಕಾರರ ಆಳುಗಳು ಬಂದು ಬಿಳಿ ಬಟ್ಟೆಯದನ್ನು ಕೋಲಿಗೆ ಸಿಕ್ಕಿಸಿ ಹೊತ್ತುಕೊಂಡು ಹೋದರು. ಕೆಂಪಿನದನ್ನು, ಹೇಗೂ ಶಾಸ್ತ್ರಕ್ಕೆ ತಾನೆ, ಮಧ್ಯಾಹ್ನದ ಮೇಲೆ ಬಂದು ಒಯ್ಯುತ್ತೇವೆ ಎಂದರು. ನಾನು ನೆಮ್ಮದಿಯಿಂದ ಊಟಕ್ಕೆ ಕೂತೆ. ಹೆಂಡತಿ ಮುದ್ದೆ ಬಡಿಸುತ್ತ ಅಂದಳು:

“ಆ ಭಾನುವಾರ ನೀವು ಬಟ್ಟೆ ಒಗಿಯಾಕೆ ಕುಂತಿದ್ರಲ್ಲ, ಅವಾಗ್ಲೇ ನಾನು ಎರಡನ್ನೂ ಉರುಳಿಸಿ ಕೋಣೆ ಗುಡಿಸಿದ್ದು. ಒಂದು ಪುಟ್ಟಿ ಕಸ ಇತ್ತು ಕಣ್ರಿ.”

ಮುರಿದ ಮುದ್ದೆಯನ್ನು ತಟ್ಟೆಗೆ ವಾಪಸು ಇಟ್ಟೆ. “ಉರುಳಿಸಿ?”

“ಹೂಂ.”

“ವಾಪಸ್ ಇಡೋವಾಗ ಯಾವುದು ಎಲ್ಲಿತ್ತೋ ಅಲ್ಲೇ ಇಟ್ಟೆ ತಾನೆ?”

“ಎರಡೂ ಒಂದೇ ಥರ ಅವೆ. ಯಾವುದು ಎಲ್ಲಿತ್ತೋ ನನಗೇನ್ ಗೊತ್ತು? ಬಟ್ಟೆ ಕಟ್ಟಿರ್ತದಲ್ಲ, ನೋಡ್ಕಂತಾರೆ.”

ಆ ಹೊತ್ತಿಗೆ ಬಟ್ಟೆಗಳು ಬಕೆಟ್ಟಿನಲ್ಲಿದ್ದವು ಎಂದು ನಾನು ಹೇಳಲಿಲ್ಲ. ಸಾವ್ಕಾರರ ಹಿತ್ತಲಲ್ಲಿ ಮಾಂಸದ ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿರುವುದು ಕಣ್ಣಿಗೆ ಕಟ್ಟಿತು. ಎರಡು ವರ್ಷದ ಹಿಂದೆ ದರ್ಜಿಯ ಮನೆಯ ಬೀಗರ ಊಟದಲ್ಲಿ ಅದೇ ಕೆಂಪಿನದರಿಂದ ಮಟನ್ ಸಾರನ್ನು ಸೌಟು ಸೌಟು ಬಡಿಸಿದ್ದನ್ನು ನಾನೇ ನೋಡಿದ್ದೆ. ನೋಡಿದ್ದೇನು, ಎರಡು ಸಲ ಬಡಿಸಿಕೊಂಡಿದ್ದೆ. ಆ ಪಾತ್ರೆ ಈಗ ಎಲ್ಲಿತ್ತು? ಗಂಡಿನ ದೊಡ್ಡಪ್ಪನಿಗೆ ಗೊತ್ತಾದರೆ ಎಲೆಯ ಮುಂದಿನಿಂದ ಎದ್ದಾರು. ಮದುವೆ ಮುರಿದೀತು. ಆ ಹುಡುಗಿ ಮೂರನೆಯ ತರಗತಿಯಲ್ಲಿ ನನ್ನ ಹತ್ತಿರ ಮಗ್ಗಿ ಕಲಿತವಳು. ಗೊತ್ತಾಗದೇ ಹೋದರೆ? ನನ್ನನ್ನು ನಂಬಿದ ಮನೆಗೆ, ಅವರು ಜನ್ಮದಲ್ಲಿ ಮುಟ್ಟದ್ದನ್ನು ತಿಳಿಯದೆ ತಿನ್ನಿಸಿದ ಪಾಪ ನನ್ನದು. ಯಾವ ಕಡೆಯಿಂದ ನೋಡಿದರೂ ನಾನೇ ಸಿಕ್ಕಿಬೀಳುತ್ತಿದ್ದೆ.

ಕೈ ತೊಳೆದವನೇ ಕೋಣೆಗೆ ಹೋಗಿ, ಉಳಿದಿದ್ದ ಕೊಪ್ಪರಿಗೆಯೊಳಗೆ ತಲೆ ಹಾಕಿ ಮೂಸಿ ನೋಡಿದೆ. ಹುಣಸೆಹಣ್ಣಿನ ವಾಸನೆ. ಮಸಾಲೆ ಏನಾದರೂ? ಇನ್ನೂ ಒಳಗೆ ಬಗ್ಗಿದೆ. ಅಷ್ಟರಲ್ಲಿ ಹಿಂದಿನಿಂದ ದನಿ ಕೇಳಿತು.

“ಏನ್ ಮೇಷ್ಟ್ರೇ, ಒಳಗೇನಾದ್ರೂ ಬೀಳಿಸ್ಕಂಡ್ರಾ?”

ನಾನಿ. ಮದುವೆ ಮನೆಗೆ ಹೊರಟವರು ನನ್ನ ಹೆಂಡತಿಯನ್ನು ಕರೆಯಲು ಬಂದಿದ್ದರು. ಎಪ್ಪತ್ತರ ಹೆಂಗಸು, ಕಣ್ಣು ಮಾತ್ರ ಇಪ್ಪತ್ತರದು. ತಲೆ ಹೊರಗೆ ತೆಗೆದೆ. ನನ್ನ ಮುಖ ನೋಡಿ ಅವರ ನಗು ನಿಂತಿತು.

“ಯಾಕಪ್ಪ? ಹುಷಾರಿಲ್ವಾ?”

ಎಲ್ಲವನ್ನೂ ಹೇಳಿಬಿಟ್ಟೆ. ಬಕೆಟ್ಟು, ಗುಲಾಬಿ ಬಣ್ಣ, ಕಸ ಗುಡಿಸಿದ್ದು. “ಕಳೆದ ವರ್ಷ ನಿಮ್ಮ ಮೊಮ್ಮಗನ ಮದುವೇಲಿ ಎರಡೂ ನಿಮ್ಮನೇಲೇ ಇದ್ವಲ್ಲ ನಾನಿ. ಬಿರಿಯಾನಿ ಮಾಡಿದ್ದು ಇದ್ರಲ್ಲೋ, ಅದ್ರಲ್ಲೋ? ನೋಡಿ ಗುರುತು ಹಿಡೀತೀರಾ?”

ನಾನಿ ಕೊಪ್ಪರಿಗೆಯ ಅಂಚಿನ ಮೇಲೆ ಕೈಯಿಟ್ಟರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಯಾರಿಗೂ ಹೇಳ್ಬಾರ್ದು.”

“ಇಲ್ಲ.”

“ಇಷ್ಟಗಲ ಬಾಯಿ ಐತಲ್ಲ ಮೇಷ್ಟ್ರೇ ಇದಕ್ಕೆ, ದಮ್ ಎಲ್ಲಿ ನಿಲ್ತದೆ? ಬಿರಿಯಾನಿಗೆ ಕತ್ತು ಕಿರಿದಿರ್ಬೇಕು. ನಾವು ಹಿರಿಯೂರಿಂದ ನಮ್ಮಣ್ಣನ ಮನೆ ಪಾತ್ರೆ ತರ್ಸ್ತೀವಿ. ನಮ್ಮತ್ತೆ ಕಾಲದಿಂದ ಹಂಗೇ.”

“ಮತ್ತೆ ಇದು?”

“ಇದ್ರಾಗೆ ನೀರು ಕಾಸ್ತೀವಿ. ಕೈ ತೊಳೆಯಾಕೆ, ಪಾತ್ರೆ ಬೆಳಗಾಕೆ.”

“ಹಂಗಾದ್ರೆ ಯಾಕೆ ಒಯ್ತೀರಿ?”

ನಾನಿ ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದರು. “ಬ್ಯಾಡ ಅಂದ್ರೆ ಚಂದ ಕಾಣ್ತದಾ? ಇಷ್ಟು ಮುತುವರ್ಜಿಯಿಂದ ನಮಗೂ ಒಂದು ಇರ್ಲಿ ಅಂತ ತಂದವ್ರೆ. ಸಾವ್ಕಾರ್ತಿಯಂತೂ ಪ್ರತಿ ಮದ್ವಿಗೂ ಮನೆಗೇ ಬಂದು ‘ನಾನಿ, ಕೊಪ್ಪರಿಗೆ ಮರೀಬ್ಯಾಡ್ರಿ’ ಅಂತಾಳೆ. ಆ ಮಗಿಗೆ ಗೊತ್ತಾದ್ರೆ ಬೇಜಾರ್ ಮಾಡ್ಕಂತದೆ. ಹೇಳ್ಬ್ಯಾಡ್ರಿ.”

ಐವತ್ತು ಮುಟ್ಟಿದ ಸಾವ್ಕಾರ್ತಿ ಅವರ ಲೆಕ್ಕದಲ್ಲಿ ಇನ್ನೂ ಮಗು.

ಒಂದು ಗಳಿಗೆ ಎದೆ ಹಗುರಾಯಿತು. ಆದರೆ ದರ್ಜಿಯ ಮನೆಯ ಮಟನ್ ಸಾರು? ಅದನ್ನು ನಾನು ಕಣ್ಣಾರೆ ಕಂಡದ್ದು, ಬಾಯಾರೆ ಉಂಡದ್ದು. ಅದನ್ನೂ ನಾನಿಗೆ ಹೇಳಿದೆ.

“ಹಂಗಾದ್ರೆ ಹೋಗಿ ಹೇಳ್ರಿ,” ಅಂದರು ನಾನಿ, ಈಗ ನಗದೆ. “ಹುಗ್ಗಿ ಎಲಿಗೆ ಬರೋಕೆ ಮುಂಚೆ ಹೇಳ್ರಿ. ನಂಬ್ಕೆ ಮುಖ್ಯ. ನಾನೂ ಬರ್ಲಾ?”

“ಬೇಡ ನಾನಿ,” ಅಂದೆ. ಅವರು ಬಂದರೆ ಬಿರಿಯಾನಿಯ ಗುಟ್ಟು ಹೊರಬಿದ್ದೀತೆಂದು ಒಂದು ಹೊಸ ಚಿಂತೆ.

ಓಣಿಯ ಆ ತುದಿಯಿಂದ ಈ ತುದಿಗೆ ಇನ್ನೂರು ಹೆಜ್ಜೆಯೂ ಇರಲಿಲ್ಲ. ಅದನ್ನು ದಾಟಲು ನನಗೆ ಎಷ್ಟು ಹೊತ್ತು ಹಿಡಿಯಿತೋ. ಚಪ್ಪರದ ಕೆಳಗೆ ಬಳೆಗಾರರು ಹೆಂಗಸರಿಗೆ ಬಳೆ ತೊಡಿಸುತ್ತಿದ್ದರು. ನಾನಿಯ ಮಗ ಮದುವೆ ಮನೆಗೆಂದು ಹಾಸಿಗೆಗಳನ್ನು ಹೊತ್ತು ತರುತ್ತಿದ್ದ. ದರ್ಜಿ ಯಾರದೋ ಕೋಟಿನ ಗುಂಡಿಗಾಗಿ ನೆಲದ ಮೇಲೆ ಹುಡುಕುತ್ತಿದ್ದ. ಎಲ್ಲರೂ “ಬರ್ರಿ ಮೇಷ್ಟ್ರೇ” ಅಂದರು. ಇನ್ನೊಂದು ಗಳಿಗೆಯ ಮೇಲೆ ಇವರಲ್ಲಿ ಯಾರು ನನ್ನನ್ನು ಕರೆದಾರು ಎಂದುಕೊಳ್ಳುತ್ತ ಹಿತ್ತಲಿಗೆ ನಡೆದೆ.

ಸಾವ್ಕಾರ್ತಿ ಒರಳಿನ ಪಕ್ಕ ನಿಂತು ಅಡುಗೆಯವನಿಗೆ ಬೆಲ್ಲ ಅಳೆದುಕೊಡುತ್ತಿದ್ದರು. ಮದುವೆಗೆ ಸಕ್ಕರೆ ಬೇಕೆಂದರೆ ಪರ್ಮಿಟ್ಟಿಗೆ ಅಲೆಯಬೇಕಿದ್ದ ಕಾಲ. ಅದರ ಸಹವಾಸವೇ ಬೇಡವೆಂದು ಬೆಲ್ಲವನ್ನೇ ತರಿಸಿದ್ದರು.

“ಅಕ್ಕಾರೆ, ಒಂದು ಮಾತು,” ಅಂದೆ. “ಈ ಕಡೆ ಬರ್ರಿ.”

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಬಾವಿಕಟ್ಟೆಯ ಬಳಿ ಬಂದರು. ನಾನು ತಲೆ ಎತ್ತದೆ ಹೇಳಿದೆ. “ನಿಮ್ಮನೆಗೆ ಬಂದಿರೋದು ಬಿಳಿ ಬಟ್ಟೆ ಕಟ್ಟಿರೋ ಕೊಪ್ಪರಿಗೆ. ಆದರೆ ಅದು ಮಾಂಸದ್ದೂ ಇರಬಹುದು. ತಪ್ಪು ನನ್ನದು. ನನ್ನ ಹೆಂಡತಿದಲ್ಲ. ಹುಗ್ಗಿ ಚೆಲ್ಲಿಸಿಬಿಡ್ರಿ. ಬೇರೆ ಪಾತ್ರೆ ನಾನೇ ಎಲ್ಲಿಂದಾದ್ರೂ ತರ್ತೀನಿ. ಸಾವ್ಕಾರ್ರಿಗೆ ನಾನೇ ಹೇಳ್ತೀನಿ.”

ತಲೆ ಎತ್ತಿದೆ. ಸಾವ್ಕಾರ್ತಿಯ ಮುಖ ಕೆಂಪಾಗಿತ್ತು. ಕೋಪ ಎಂದುಕೊಂಡೆ. ಅದು ನಾಚಿಕೆ.

“ಮೆತ್ತಗೆ ಮಾತಾಡ್ರಿ,” ಅಂದರು. “ಅಲ್ನೋಡ್ರಿ.”

ಅಡುಗೆಯ ಒಲೆಗಳ ಮೇಲೆ ನಾಲ್ಕು ಹಿತ್ತಾಳೆಯ ಪಾತ್ರೆಗಳು. ಹುಗ್ಗಿ ಅವುಗಳಲ್ಲಿ ದೊಡ್ಡದರಲ್ಲಿ ಕುದಿಯುತ್ತಿತ್ತು. ದೂರದಲ್ಲಿ, ಬಚ್ಚಲುಮನೆಯ ಗೋಡೆಯ ಪಕ್ಕ, ಮೂರು ಕಲ್ಲಿನ ಮೇಲೆ ನಮ್ಮ ಕೊಪ್ಪರಿಗೆ ಕೂತಿತ್ತು. ಬಿಳಿ ಬಟ್ಟೆ ಗಾಳಿಗೆ ಅಲ್ಲಾಡುತ್ತಿತ್ತು. ಒಳಗೆ ತುಂಬ ನೀರು.

“ದಿಬ್ಬಣದೋರಿಗೆ ಸ್ನಾನಕ್ಕೆ,” ಅಂದರು ಸಾವ್ಕಾರ್ತಿ. “ನಮ್ಮತ್ತೆಯೋರು ಮೊದ್ಲಿಂದ್ಲೂ ಓಣಿ ಕೊಪ್ಪರಿಗೇಲಿ ಅಡಿಗಿ ಮಾಡಿಸ್ತಿರ್ಲಿಲ್ಲ. ಬಟ್ಟೆ ಏನಿದ್ರೂ, ಮನಸು ಒಪ್ಪಲ್ಲ ಅಂತಿದ್ರು. ನಂಗೂ ಹಂಗೇ ರೂಢಿ ಆಗೈತೆ. ಮಠದಿಂದ ಪಾತ್ರೆ ತರಿಸ್ತೀವಿ. ನಾನಿ ಮನೆ ಮದ್ವಿಗೂ ನಮ್ಮ ಅಡಿಗಿಯೋನು ಸದ್ದಿಲ್ದೆ ಅವನ್ನೇ ಒಯ್ತಾನೆ.”

“ಮತ್ತೆ ಇದನ್ನ ಯಾಕೆ…”

“ತಗಳ್ದಿದ್ರೆ ನಾನಿಗೆ ಹೆಂಗಾಗ್ತದೆ? ಪ್ರತಿಸಲ ಕೊಪ್ಪರಿಗೆ ನಮ್ಮನೆಗೆ ಬರೋಕೆ ಮುಂಚೆ ಅವ್ರೇ ನಿಮ್ಮನೆಗೆ ಬಂದು, ಎರಡಕ್ಕೂ ಹುಣಸೆಹಣ್ಣು ಹಾಕಿ ತಮ್ಮ ಕೈಯಾರೆ ತಿಕ್ಕಿ ಹೋಗ್ತಾರೆ. ‘ಶಾಸ್ತ್ರಕ್ಕೆ ಕಮ್ಮಿ ಆಗ್ಬಾರ್ದು ಮಗಳೇ’ ಅಂತಾರೆ. ಆ ಜೀವಕ್ಕೆ ನೋವಾಗ್ಬಾರ್ದು ಮೇಷ್ಟ್ರೇ. ನೀವು ಬಾಯಿ ಬಿಡ್ಬ್ಯಾಡ್ರಿ.”

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ವರ್ಷಾನುಗಟ್ಟಲೆ ಒಬ್ಬರಿಗೊಬ್ಬರು ನೋಯಬಾರದೆಂದು ಎರಡು ಮನೆಯವರೂ ಆ ಭಾರದ ತಾಮ್ರವನ್ನು ಹೊತ್ತು, ತಿಕ್ಕಿ, ಮರ್ಯಾದೆ ಮಾಡಿ, ನೀರು ಕಾಸಿ ವಾಪಸು ಕಳಿಸಿದ್ದರು. ಇವುಗಳಲ್ಲಿ ನಿಜವಾಗಿ ಅಡುಗೆ ಮಾಡಿದವರು ಬಹುಶಃ ದರ್ಜಿಯ ಮನೆಯವರೊಬ್ಬರೇ. ಓಣಿಯ ಐಕ್ಯವನ್ನು ಅಕ್ಷರಶಃ ನಂಬಿದ ಇಬ್ಬರು ಪೆದ್ದರೆಂದರೆ ಆ ದರ್ಜಿ ಮತ್ತು ನಾನು. ಆದರೂ ಯೋಚಿಸಿದರೆ, ಹುಗ್ಗಿ ಬೇಯದಿದ್ದರೂ ಅವು ಬಂದ ಕೆಲಸ ಆಗಿತ್ತು. ಈಗ ನಾನಿ ಸಾವ್ಕಾರರ ಮನೆಯ ಮದುವೆಗಳಲ್ಲಿ ಉಣ್ಣುತ್ತಿದ್ದರು, ಸಾವ್ಕಾರ್ತಿ ನಾನಿಯ ಮೊಮ್ಮಗನ ಮದುವೆಯಲ್ಲಿ ಉಂಡಿದ್ದರು. ಎಲೆ ಅಡಿಕೆ ಹಿಡಿದು ಎದ್ದುಹೋಗುವವರು ಓಣಿಯಲ್ಲಿ ಯಾರೂ ಉಳಿದಿರಲಿಲ್ಲ.

“ಅಷ್ಟಾದ್ರೂ,” ಅಂದೆ, ನನ್ನ ಬುದ್ಧಿ ಬಿಡಬೇಕಲ್ಲ, “ಮಾಂಸದ್ದೇ ಆಗಿದ್ರೆ? ಗಂಡಿನ ದೊಡ್ಡಪ್ಪ ಆ ನೀರಲ್ಲಿ ಸ್ನಾನ ಮಾಡಿ ಲಿಂಗಪೂಜೆಗೆ ಕೂತ್ಕಂತಾರಲ್ಲ?”

ಸಾವ್ಕಾರ್ತಿ ನನ್ನನ್ನು ದಿಟ್ಟಿಸಿ ನೋಡಿದರು. “ಮೇಷ್ಟ್ರೇ, ನಿಮಗೆ ಕೈಗೆ ಕೆಲಸ ಇಲ್ಲದಿದ್ರೆ ತಲಿ ಕೆಲಸ ಮಾಡ್ತದೆ. ಹೆಂಗೂ ಬಂದೀರಿ, ಆ ಒಲೆಗೆ ಉರಿ ಹಾಕ್ರಿ. ದಿಬ್ಬಣ ಬರೋ ಹೊತ್ತಾತು.”

ಹೀಗಾಗಿ ಆ ಮಧ್ಯಾಹ್ನವೆಲ್ಲ ನಾನು ಕೊಪ್ಪರಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಟ್ಟಿಗೆ ಒಟ್ಟಿದೆ. ಹೊಗೆ ಕಣ್ಣಿಗೆ, ಬೂದಿ ಪಂಚೆಗೆ. ನಾನಿ ಒಂದು ಸಲ ಬಂದು ದೂರದಿಂದಲೇ ನೋಡಿ, ಹುಬ್ಬೇರಿಸಿ, ಏನಾಯಿತು ಎಂದು ಕಣ್ಣಲ್ಲೇ ಕೇಳಿದರು. ಎಲ್ಲ ಸರಿಹೋಯಿತು ಎಂದು ತಲೆಯಾಡಿಸಿದೆ. ಹೇಗೆ ಸರಿಹೋಯಿತೆಂದು ಅವರು ಕೇಳಲಿಲ್ಲ. ನೀರು ಕಾಯುತ್ತಿರುವುದನ್ನು ಮಾತ್ರ ಬಹಳ ಹೊತ್ತು ನೋಡಿದರು. ಆಮೇಲೆ ಏನೂ ಕಾಣದವರ ಹಾಗೆ ಒಳಗೆ ಹೋಗಿ ಹೆಂಗಸರ ಜೊತೆ ಹೂವು ಕಟ್ಟಲು ಕೂತರು.

ಬಿಸಿಲು ಬೆಟ್ಟದ ಮೇಲಿರುವಾಗಲೇ ದಿಬ್ಬಣದ ಬಸ್ಸು ಓಣಿಯ ಬಾಯಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಗಂಡಿನ ದೊಡ್ಡಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಆ ಪ್ರಸಿದ್ಧ ಚೊಂಬು ಹಿಡಿದು ಹಿತ್ತಲಿಗೆ ಬಂದರು. ನಾನು ಎದ್ದು ನಿಂತೆ.

“ಭಾರಿ ಕೊಪ್ಪರಿಗೆ,” ಅಂದರು ಅವರು, ಸುತ್ತು ಹಾಕಿ ನೋಡುತ್ತ. “ಸಾವ್ಕಾರ್ರದಾ?”

ಸುಳ್ಳು ಹೇಳಬಹುದಿತ್ತು. “ಓಣಿದು,” ಅಂದೆ.

“ಓಣಿದು ಅಂದ್ರೆ?”

“ಎಲ್ಲಾರ್ದೂ.”

“ಎಲ್ಲಾರ್ದೂ ಅಂದ್ರೆ, ಎಲ್ಲಾ ಜಾತಿಯೋರ್ದೂ?”

“ಹೂಂ. ಎಲ್ಲಾ ಜಾತಿಯೋರ್ದೂ.”

ಹಿಂದೆ ಸಾವ್ಕಾರ್ತಿಯ ಬಳೆಗಳ ಸದ್ದು ನಿಂತದ್ದು ನನಗೆ ಕೇಳಿಸಿತು. ದೊಡ್ಡಪ್ಪ ಬಿಳಿ ಬಟ್ಟೆಯನ್ನು ನೋಡಿದರು, ನನ್ನ ಮಸಿ ಬಳಿದ ಮುಖವನ್ನು ನೋಡಿದರು. ಚೊಂಬನ್ನು ನೆಲಕ್ಕಿಟ್ಟು, ಕೊಪ್ಪರಿಗೆಯೊಳಗೆ ನಾಲ್ಕು ಬೆರಳು ಅದ್ದಿ ಹೊರಗೆ ತೆಗೆದರು.

“ಇಷ್ಟು ಜನ ಇದ್ದೂ ನೀರು ಸರಿಯಾಗಿ ಕಾಯ್ದಿಲ್ವಲ್ರೀ,” ಅಂದರು. “ಇನ್ನೆರಡು ಕೊಳ್ಳಿ ಇಡ್ರಿ. ನಂಗೆ ನೀರು ಸುಡ್ಬೇಕು.”

ನಾನು ನಾಲ್ಕು ಇಟ್ಟೆ.